ಅಣ್ಣನ ಕೋಶ, ತಮ್ಮನ ಕೋಶ

ಅರಸೀಕೆರೆ ಕಡೆ ಸಂಬಂಧ ಕೂಡಿಸುವಾಗ ಎದುರಿಗೇ ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತು. ತೆಂಗು ಎಷ್ಟು ಮರ, ಬೋರ್‌ನಲ್ಲಿ ನೀರು ಉಳಿದಿದೆಯಾ, ಹುಡುಗನಿಗೆ ಬೆಂಗಳೂರಿನಲ್ಲಿ ಎಂಥ ಕೆಲಸ. ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಎದುರಿಗೆ ಕೇಳುವುದಿಲ್ಲ. ಹಾರನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತವರ ಹತ್ತಿರ, ಟೀ ಅಂಗಡಿಯ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳುತ್ತಾರೆ: ‘ಆ ಮನೇಲಿ ಯಾರಿಗಾರ ತಲೆ ಕೆಟ್ಟಿತ್ತಾ?’ ಹೌದು ಎಂದು ಗೊತ್ತಾದರೆ ಮಾತುಕತೆ ಅಲ್ಲಿಗೇ ನಿಂತಿತು. ಜಾತಕ ಕೂಡಲಿಲ್ಲ ಎಂಬ ನೆವ ಯಾವಾಗಲೂ ಸಿದ್ಧವಿರುತ್ತದೆ.

ಇದೇ ಪ್ರಶ್ನೆಯನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವೈದ್ಯರು ಪೆನ್ನು ಹಿಡಿದು, ನೇರವಾಗಿ ಕೇಳುತ್ತಾರೆ. ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕಾಯಿಲೆ ಬಂದವರ ಚೌಕಕ್ಕೆ, ವೃತ್ತಕ್ಕೆ ಕಪ್ಪು ತುಂಬುತ್ತಾರೆ. ತೀರಿಕೊಂಡವರ ಮೇಲೆ ಓರೆಗೆರೆ. ಆಸ್ಪತ್ರೆಗೆ ಬಂದಿರುವ ರೋಗಿಯ ಕಡೆಗೆ ಒಂದು ಬಾಣ. ಗಂಡ ಹೆಂಡತಿಯನ್ನು ಜೋಡಿಸುವ ಗೆರೆ ಸಾಮಾನ್ಯವಾಗಿ ಒಂದೇ ಇರುತ್ತದೆ. ಅವರು ರಕ್ತಸಂಬಂಧಿಗಳಾಗಿದ್ದರೆ ಎರಡು. ಅಕ್ಕನ ಮಗಳನ್ನೂ ಸೋದರತ್ತೆಯ ಮಗಳನ್ನೂ ತಂದುಕೊಳ್ಳುವ ನಮ್ಮ ಸೀಮೆಯ ವಂಶವೃಕ್ಷಗಳಲ್ಲಿ ಈ ಜೋಡಿಗೆರೆ ಮತ್ತೆ ಮತ್ತೆ ಕಾಣಿಸುತ್ತದೆ. ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದು ಮದುವೆ ಇಂಥದ್ದು ಎನ್ನುತ್ತವೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು.

ಹಾಳೆ ತುಂಬಿಸುವುದು ಅಷ್ಟು ಸುಲಭವಲ್ಲ. ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ’ ಎಂದರೆ ಉತ್ತರ ‘ಇಲ್ಲ ಸಾರ್’. ಅನುಭವಸ್ಥರು ಬೇರೆ ದಾರಿ ಹಿಡಿಯುತ್ತಾರೆ. ಮನೆ ಬಿಟ್ಟು ಹೋಗಿ ವಾಪಸ್ ಬರದವರು ಯಾರಾದರೂ ಇದ್ದಾರಾ? ಬಾವಿಗೆ ಬಿದ್ದವರು? ಇದ್ದಕ್ಕಿದ್ದಂತೆ ಜಮೀನು ಮಾರಿ ಊರಿಗೆಲ್ಲ ದುಡ್ಡು ಹಂಚಿದವರು? ಗಾಳಿ ಸೋಕಿದೆ ಎಂದು ದೇವಸ್ಥಾನದಲ್ಲಿ ತಿಂಗಳುಗಟ್ಟಲೆ ಇರಿಸಿಕೊಂಡವರು? ಆಗ ಅಜ್ಜಿಯೊಬ್ಬರು ಬಾಯಿ ಬಿಡುತ್ತಾರೆ. ಚಿಕ್ಕಮಾವ ಹಾಗೆ, ಅವರ ಮಗಳೂ ಹಾಗೆ. ಖಾಲಿ ಇದ್ದ ಚೌಕಗಳು ಒಂದೊಂದಾಗಿ ಕಪ್ಪಾಗುತ್ತವೆ.

ದನಿ ತಗ್ಗಿಸಿ ಆ ಪ್ರಶ್ನೆ ಕೇಳುವ ಹಾರನಹಳ್ಳಿಯಲ್ಲೇ ಹೊಯ್ಸಳರ ಕಾಲದ ಎರಡು ದೇವಾಲಯಗಳಿವೆ. ಸುಮಾರು 1235ರಲ್ಲಿ ಪೆದ್ದಣ್ಣ ಹೆಗ್ಗಡೆ ಮತ್ತು ಅವನ ಸಹೋದರರಾದ ಸೋವಣ್ಣ, ಕೇಸಣ್ಣ ಇವನ್ನು ಕಟ್ಟಿಸಿದರು. ಎಂಟು ನೂರು ವರ್ಷಗಳ ಹಿಂದಿನ ಅಣ್ಣತಮ್ಮಂದಿರ ಹೆಸರು ಇವತ್ತಿಗೂ ಉಳಿದಿದೆ. ಕಲ್ಲಿನಲ್ಲಿ ವಂಶವನ್ನು ಹೊಗಳುವುದು ನಮಗೆ ಹೊಸದಲ್ಲ; ವಂಶದ ಕಾಯಿಲೆ ಬರೆದಿಡುವ ರೂಢಿ ಮಾತ್ರ ಎಂದೂ ಇರಲಿಲ್ಲ. ಈಗ ಬೆಂಗಳೂರಿನ ಪ್ರಯೋಗಾಲಯಗಳಿಗೆ ಬೇಕಾಗಿರುವುದು ಆ ಬರೆಯದ ಭಾಗವೇ.

ಯಾಕೆ ಎಂಬುದಕ್ಕೆ ಮನೋವೈದ್ಯಶಾಸ್ತ್ರದ ಒಂದು ಹಳೆಯ ಕಷ್ಟವನ್ನು ನೋಡಬೇಕು. ಲಿವರ್‌ಗೆ ರೋಗ ಬಂದರೆ ಸೂಜಿ ಹಾಕಿ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದ ಕೆಳಗಿಡಬಹುದು. ಮಾನಸಿಕ ಕಾಯಿಲೆಗೆಂದು ಬದುಕಿರುವವರ ಮಿದುಳಿನಿಂದ ಹಾಗೆ ಚೂರು ಕೀಳಲು ಆಗುವುದಿಲ್ಲ. ಉನ್ಮಾದ ಖಿನ್ನತೆಗಳ ನಡುವೆ ತೂಗುವ ಬೈಪೋಲಾರ್ ಕಾಯಿಲೆಗಾಗಲಿ ಸ್ಕಿಜೋಫ್ರೀನಿಯಾಕ್ಕಾಗಲಿ ಇಂದಿಗೂ ರಕ್ತಪರೀಕ್ಷೆ ಇಲ್ಲ. ಸ್ಕ್ಯಾನ್ ನೋಡಿ ಇದು ಇಂಥದ್ದೇ ಎಂದು ಹೇಳುವಂತೆಯೂ ಇಲ್ಲ. ವೈದ್ಯರು ಮಾತಾಡಿಸಿ, ಮನೆಯವರನ್ನು ಕೇಳಿ, ವರ್ಷಗಳ ಕಥೆಯನ್ನು ಜೋಡಿಸಿ ನಿರ್ಧರಿಸಬೇಕು.

ಸತ್ತವರ ಮಿದುಳು ಸಿಗುತ್ತದಲ್ಲ ಎನ್ನಬಹುದು. ಸಿಗುತ್ತದೆ. ನಿಮ್ಹಾನ್ಸ್‌ನಲ್ಲೇ 1995ರಿಂದ ಮಿದುಳು ಬ್ಯಾಂಕ್ ಇದೆ, ಡಾ. ಎಸ್.ಕೆ. ಶಂಕರ್ ಕಟ್ಟಿ ಬೆಳೆಸಿದ್ದು. ಅಲ್ಲಿನ ಮ್ಯೂಸಿಯಂಗೆ ಹೋದವರು ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಿ ಬರುತ್ತಾರೆ. ಪಾರ್ಶ್ವವಾಯು, ಗಡ್ಡೆ, ಸೋಂಕು ಇವೆಲ್ಲ ಆ ಮಿದುಳುಗಳಲ್ಲಿ ಗುರುತು ಬಿಟ್ಟು ಹೋಗಿರುತ್ತವೆ. ಆದರೆ ಇಪ್ಪತ್ತನೇ ವಯಸ್ಸಿಗೆ ಶುರುವಾದ ಬೈಪೋಲಾರ್ ಕಾಯಿಲೆಯನ್ನು ಎಪ್ಪತ್ತಕ್ಕೆ ತೀರಿಕೊಂಡವರ ಮಿದುಳಿನಲ್ಲಿ ಹುಡುಕುವುದು ಹೇಗೆ? ಐವತ್ತು ವರ್ಷದ ಮಾತ್ರೆ, ಸಕ್ಕರೆ ಕಾಯಿಲೆ, ಬೀಡಿ, ವಯಸ್ಸು ಎಲ್ಲವೂ ಅಲ್ಲಿ ಕಲಸಿಹೋಗಿರುತ್ತವೆ. ಇಲಿಯ ಮೇಲೆ ಪ್ರಯೋಗ ಮಾಡೋಣವೆಂದರೆ, ಇಲಿಗೆ ಯಾರೋ ತನ್ನ ಬಗ್ಗೆ ಪಿಸುಗುಟ್ಟುತ್ತಿದ್ದಾರೆ ಅನ್ನಿಸುತ್ತಿದೆಯೇ ಎಂದು ಕೇಳುವವರು ಯಾರು!

ಈ ಗೋಡೆಯಲ್ಲಿ ಕಿಂಡಿ ಕೊರೆದದ್ದು ಜಪಾನಿನ ಶಿನ್ಯಾ ಯಮನಾಕಾ. 2006ರಲ್ಲಿ ಇಲಿಯ ಚರ್ಮದ ಕೋಶಕ್ಕೆ ನಾಲ್ಕು ವಂಶವಾಹಿಗಳನ್ನು ಸೇರಿಸಿದರು; ಆ ಕೋಶ ತಾನು ಚರ್ಮ ಎಂಬುದನ್ನೇ ಮರೆತು ಭ್ರೂಣದ ಮೊದಲ ದಿನಗಳ ಸ್ಥಿತಿಗೆ ಹಿಂತಿರುಗಿತು. ಮರುವರ್ಷ ಮನುಷ್ಯರ ಕೋಶದಲ್ಲೂ ಅದು ಸಾಧ್ಯವಾಯಿತು. 2012ರಲ್ಲಿ ನೊಬೆಲ್ ಬಂತು, ಕಪ್ಪೆಗಳಲ್ಲಿ ಇಂಥದ್ದನ್ನು 1962ರಲ್ಲೇ ತೋರಿಸಿದ್ದ ಜಾನ್ ಗರ್ಡನ್ ಅವರೊಂದಿಗೆ ಹಂಚಿಕೆಯಾಗಿ. ಹೀಗೆ ಹಿಂದಕ್ಕೆ ಹೋದ ಕೋಶವನ್ನು ಮತ್ತೆ ಮುಂದಕ್ಕೆ ನಡೆಸಬಹುದು. ಸರಿಯಾದ ಪೋಷಕಾಂಶ, ಸರಿಯಾದ ರಾಸಾಯನಿಕ, ಸರಿಯಾದ ಹೊತ್ತಿಗೆ ಕೊಟ್ಟರೆ ಅದು ಹೃದಯದ ಕೋಶವೂ ಆಗುತ್ತದೆ, ನರಕೋಶವೂ ಆಗುತ್ತದೆ. ಒಬ್ಬ ಮನುಷ್ಯನ ಮಿದುಳನ್ನು ಮುಟ್ಟದೆ ಅವನದೇ ವಂಶವಾಹಿ ಹೊತ್ತ ನರಕೋಶ ಕೈಗೆ ಸಿಗುತ್ತದೆ.

ಮಾಡುವ ಕೆಲಸ ಮಾತ್ರ ಹೇಳಿದಷ್ಟು ಸಲೀಸಲ್ಲ. ರೋಗಿಯ ತೋಳಿನಿಂದ ಒಂದಿಷ್ಟು ರಕ್ತ ತೆಗೆಯುತ್ತಾರೆ. ಅದರಲ್ಲಿರುವ ಬಿಳಿ ರಕ್ತಕಣಗಳಿಗೆ ಎಪ್‌ಸ್ಟೀನ್-ಬಾರ್ ಎಂಬ ವೈರಸ್ ಸೋಂಕಿಸಿದರೆ ಅವು ಸಾಯದೆ ಬೆಳೆಯುತ್ತಲೇ ಹೋಗುತ್ತವೆ. ಒಂದು ಭಾಗವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿ ವರ್ಷಗಟ್ಟಲೆ ಇಡಬಹುದು. ಅದರಿಂದ ಆಕರ ಕೋಶ, ಅಂದರೆ ಹಾಗೆ ಹಿಂದಕ್ಕೆ ಹೋದ ಕೋಶ, ತಯಾರಿಸಲು ಕೆಲವು ವಾರ. ಆಕರ ಕೋಶ ನರಕೋಶದ ಮೂಲಕೋಶವಾಗಲು ಇನ್ನಷ್ಟು ವಾರ. ಮೂಲಕೋಶ ಬಳ್ಳಿಯಂತೆ ಕೈ ಚಾಚಿ ಪಕ್ಕದ ಕೋಶದ ಜೊತೆ ಸಂಪರ್ಕ ಬೆಳೆಸಲು ತಿಂಗಳುಗಳು. ಇಷ್ಟೂ ದಿನ ಆ ಪ್ಲಾಸ್ಟಿಕ್ ತಟ್ಟೆ 37 ಡಿಗ್ರಿ ಶಾಖದ, ಐದು ಪರ್ಸೆಂಟ್ ಇಂಗಾಲದ ಡೈ ಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಕೂತಿರಬೇಕು. ಕೋಶಗಳು ಮುಳುಗಿರುವ ದ್ರವ ತೆಳು ಗುಲಾಬಿ ಬಣ್ಣದ್ದು. ಕೋಶಗಳು ತಿಂದು ಹೊರಹಾಕಿದ್ದು ಜಾಸ್ತಿಯಾಗಿ ಆಮ್ಲ ಏರಿದರೆ ಅದು ಹಳದಿಗೆ ತಿರುಗುತ್ತದೆ, ತಕ್ಷಣ ಬದಲಿಸಬೇಕು. ಭಾನುವಾರ, ಯುಗಾದಿ, ದೀಪಾವಳಿ ಯಾವುದೂ ಆ ಕೋಶಗಳಿಗೆ ಗೊತ್ತಿಲ್ಲ. ಪಿಎಚ್‌.ಡಿ. ಹುಡುಗ ಹುಡುಗಿಯರು ಹಬ್ಬಕ್ಕೆ ಊರಿಗೆ ಹೋಗಬೇಕಾದರೆ ಸಹಪಾಠಿಯನ್ನು ಕಾಡಿ ಬೇಡಿ ತಟ್ಟೆ ಒಪ್ಪಿಸಿ ಹೋಗಬೇಕು. ಒಂದು ಫಂಗಸ್ ಕಣ ಒಳಗೆ ಬಿದ್ದರೆ ಮೂರು ತಿಂಗಳ ದುಡಿಮೆ ಕಸದ ಬುಟ್ಟಿಗೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಸುಮಾರು ಹತ್ತು ವರ್ಷದ ಹಿಂದೆ. ನಿಮ್ಹಾನ್ಸ್, ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ ಅಂದರೆ ಎನ್‌ಸಿಬಿಎಸ್, ಅದರ ಪಕ್ಕದ ಆಕರ ಕೋಶ ಸಂಸ್ಥೆ ಇನ್‌ಸ್ಟೆಮ್ ಮೂರೂ ಸೇರಿ ಆಕರ ಕೋಶಗಳ ಮೂಲಕ ಮಿದುಳಿನ ಕಾಯಿಲೆಗಳನ್ನು ಅರಿಯುವ ಯೋಜನೆಯೊಂದನ್ನು ಆರಂಭಿಸಿದವು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಪ್ರತೀಕ್ಷಾ ಟ್ರಸ್ಟ್ ಹಣ ಕೊಟ್ಟವು. ಆರಿಸಿಕೊಂಡದ್ದು ಐದು ಕಾಯಿಲೆ: ಸ್ಕಿಜೋಫ್ರೀನಿಯಾ, ಬೈಪೋಲಾರ್, ಗೀಳು ರೋಗ, ವ್ಯಸನ, ಮುಪ್ಪಿನ ಮರೆವಿನ ರೋಗ. ಒಂಟಿ ರೋಗಿಗಳನ್ನು ಹುಡುಕದೆ, ಒಂದೇ ಮನೆಯಲ್ಲಿ ಇಬ್ಬರು ಅಥವಾ ಹೆಚ್ಚು ಮಂದಿಗೆ ಕಾಯಿಲೆ ಇರುವ ಕುಟುಂಬಗಳನ್ನು ಹುಡುಕಿದ್ದು ಈ ಯೋಜನೆಯ ವಿಶೇಷ. ಮನೋವೈದ್ಯರಾದ ಸಂಜೀವ್ ಜೈನ್, ಬಿಜು ವಿಶ್ವನಾಥ್, ಕೋಶ ವಿಜ್ಞಾನಿಗಳಾದ ಓಡಿಟಿ ಮುಖರ್ಜಿ, ಮಿತ್ರದಾಸ್ ಪಣಿಕ್ಕರ್, ರಘು ಪಡಿಂಜತ್ ಮೊದಲಾದವರು ಇದರ ಬೆನ್ನಿಗೆ ನಿಂತವರು. 2023ರಲ್ಲಿ ರೋಹಿಣಿ ನಿಲೇಕಣಿ ಅವರ ದತ್ತಿ ಸಂಸ್ಥೆ ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್‌ಗೆ 100 ಕೋಟಿ ರೂಪಾಯಿ ಘೋಷಿಸಿ, ಇದೇ ಐದು ಕಾಯಿಲೆಗಳಿಗಾಗಿ ಮಿದುಳು ಮತ್ತು ಮನಸ್ಸಿನ ಕೇಂದ್ರ ರೂಪುಗೊಂಡಿತು.

ಕುಟುಂಬವೇ ಯಾಕೆ? ಬೈಪೋಲಾರ್ ಕಾಯಿಲೆ ಸಾಮಾನ್ಯರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬಂದರೆ, ರೋಗಿಯ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಬರುತ್ತದೆ. ವಂಶದ ಪಾತ್ರ ಸ್ಪಷ್ಟವಾಗಿಯೇ ಇದೆ. ಆದರೆ ಇದು ಒಂದೇ ವಂಶವಾಹಿಯ ಆಟವಲ್ಲ. ನೂರಾರು ವಂಶವಾಹಿಗಳು ಒಂದಿಷ್ಟಿಷ್ಟು ಕೈ ಹಾಕಿರುತ್ತವೆ. ಗುರುತುಪರಿಚಯವಿಲ್ಲದ ಇಬ್ಬರ ಕೋಶಗಳನ್ನು ಅಕ್ಕಪಕ್ಕ ಇಟ್ಟರೆ ಅವರ ನಡುವೆ ಲಕ್ಷಗಟ್ಟಲೆ ವ್ಯತ್ಯಾಸ. ಅದರಲ್ಲಿ ಕಾಯಿಲೆಯದು ಯಾವುದು, ಬರೀ ಬೇರೆ ಮನುಷ್ಯ ಎಂಬ ಕಾರಣಕ್ಕೆ ಇರುವುದು ಯಾವುದು? ಅಣ್ಣನಿಗೆ ಕಾಯಿಲೆ ಇದ್ದು ತಮ್ಮನಿಗೆ ಇಲ್ಲದಿದ್ದರೆ ಲೆಕ್ಕ ಕೊಂಚ ಹಗುರ. ಅರ್ಧದಷ್ಟು ವಂಶವಾಹಿ ಇಬ್ಬರಿಗೂ ಒಂದೇ, ಬೆಳೆದದ್ದು ಒಂದೇ ಅಡುಗೆಮನೆಯ ಅನ್ನದಲ್ಲಿ. ಜಗತ್ತಿನ ವಂಶವಾಹಿ ಅಧ್ಯಯನಗಳಲ್ಲಿ ಬಹುಪಾಲು ಯುರೋಪ್ ಮೂಲದವರದ್ದು. ಅರಸೀಕೆರೆ, ಬೇಲೂರು ಕಡೆಯ ಜೋಡಿಗೆರೆಯ ಕುಟುಂಬಗಳಲ್ಲಿ ಏನಿದೆ ಎಂಬುದು ಆ ಅಂಕಿಅಂಶಗಳಲ್ಲಿ ಸಿಗುವುದಿಲ್ಲ.

ಈ ವಿಧಾನದ ಬಗ್ಗೆ ಅನುಮಾನವಿದ್ದವರನ್ನೂ ತಿರುಗಿ ನೋಡುವಂತೆ ಮಾಡಿದ್ದು ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದದ ರೋಗಿಗಳಿಗೆ ಕೊಟ್ಟು ನೋಡಿದ ಸರಳ ಲವಣ ಅದು. ಇಂದಿಗೂ ಬೈಪೋಲಾರ್‌ಗೆ ಅದಕ್ಕಿಂತ ನಂಬಿಕಸ್ಥ ಮದ್ದು ಕಡಿಮೆ. ಆದರೆ ಎಲ್ಲರಿಗೂ ಒಗ್ಗುವುದಿಲ್ಲ. ಚೆನ್ನಾಗಿ ಒಗ್ಗುವವರು ಸುಮಾರು ಮೂರರಲ್ಲಿ ಒಬ್ಬರು. ಯಾರಿಗೆ ಎಂದು ಮೊದಲೇ ಹೇಳುವ ದಾರಿ ಇಲ್ಲ. ತಿಂಗಳುಗಟ್ಟಲೆ ಕೊಟ್ಟು ನೋಡಬೇಕು, ರಕ್ತದಲ್ಲಿ ಅದರ ಪ್ರಮಾಣ ಅಳೆಯುತ್ತಿರಬೇಕು, ಕಿಡ್ನಿ ಥೈರಾಯ್ಡ್ ಮೇಲೆ ಕಣ್ಣಿಟ್ಟಿರಬೇಕು. ಬೇಸಿಗೆಯಲ್ಲಿ ಹೊಲದ ಕೆಲಸ ಮಾಡಿ ಬೆವರು ಹರಿದು ನೀರು ಸಾಲದಾದರೆ, ವಾಂತಿಭೇದಿಯಾದರೆ, ಅದೇ ಮಾತ್ರೆ ವಿಷದ ಮಟ್ಟಕ್ಕೆ ಏರಬಹುದು.

2015ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ಫ್ರೆಡ್ ಗೇಜ್ ತಂಡ ಬೈಪೋಲಾರ್ ರೋಗಿಗಳ ಕೋಶಗಳಿಂದ ನರಕೋಶ ಬೆಳೆಸಿತು. ಆ ನರಕೋಶಗಳು ಆರೋಗ್ಯವಂತರ ನರಕೋಶಗಳಿಗಿಂತ ಜಾಸ್ತಿ ಮಿಡಿಯುತ್ತಿದ್ದವು, ಸಣ್ಣ ಪ್ರಚೋದನೆಗೂ ಸಿಡಿಯುವಂತಿದ್ದವು. ಲಿಥಿಯಂ ಹಾಕಿದರು. ಕೆಲವು ತಟ್ಟೆಗಳಲ್ಲಿ ಕೋಶಗಳು ತಣ್ಣಗಾದವು, ಕೆಲವುಗಳಲ್ಲಿ ಇಲ್ಲ. ತಣ್ಣಗಾದವು ಯಾರವು ಎಂದು ನೋಡಿದರೆ, ನಿಜಜೀವನದಲ್ಲಿ ಲಿಥಿಯಂ ಒಗ್ಗಿದ ರೋಗಿಗಳವು. ಮನುಷ್ಯ ಬದುಕಿ ಅನುಭವಿಸಿದ್ದಕ್ಕೂ ತಟ್ಟೆಯಲ್ಲಿ ಕಂಡದ್ದಕ್ಕೂ ತಾಳೆಯಾಯಿತು.

ಬೆಂಗಳೂರಿನ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸರಳ ದಾರಿ ಹಿಡಿಯಿತು. ನರಕೋಶದವರೆಗೆ ಹೋಗದೆ, ರೋಗಿಗಳ ರಕ್ತದಿಂದ ಬೆಳೆಸಿದ ಕೋಶಗಳಿಗೇ ಲಿಥಿಯಂ ಹಾಕಿ ನೋಡಿದರು. ಲಿಥಿಯಂ ಒಗ್ಗುವ ರೋಗಿಗಳ ಕೋಶಗಳು ಬದುಕಿ ಉಳಿಯುವ ಪ್ರಮಾಣ ಸುಧಾರಿಸಿದ್ದು ಕಂಡಿತು. ರಕ್ತದ ಕೋಶ ಬೆಳೆಸುವುದು ನರಕೋಶ ಬೆಳೆಸುವುದಕ್ಕಿಂತ ಎಷ್ಟೋ ಅಗ್ಗ, ಎಷ್ಟೋ ಬೇಗ. ನಮ್ಮಂಥ ದೇಶದಲ್ಲಿ ಮುಂದೆ ಪರೀಕ್ಷೆಯೊಂದು ಬರುವುದಾದರೆ ಇಂಥ ದಾರಿಯಲ್ಲೇ ಬಂದೀತು ಎಂದು ನನಗನ್ನಿಸುತ್ತದೆ. 2022ರಲ್ಲಿ ಅದೇ ತಂಡ ಬೈಪೋಲಾರ್ ಇರುವ ಕುಟುಂಬದವರ ನರ ಮೂಲಕೋಶಗಳ ಚಲನೆಯನ್ನು ಗಮನಿಸಿತು. ಗರ್ಭದಲ್ಲಿ ಮಿದುಳು ಕಟ್ಟುವಾಗ ಕೋಶಗಳು ಹುಟ್ಟಿದ ಜಾಗದಿಂದ ತಮ್ಮ ಜಾಗಕ್ಕೆ ನಡೆದು ಹೋಗುತ್ತವೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಒಂದೊಂದು ಚಿತ್ರ ತೆಗೆದು ಜೋಡಿಸಿ ನೋಡಿದಾಗ, ರೋಗಿಗಳ ಕೋಶಗಳ ನಡಿಗೆಯಲ್ಲಿ ಕೊರತೆ ಕಂಡಿತು. ಕೋಶ ಕೋಶಕ್ಕೆ ಅಂಟಿಕೊಳ್ಳುವ ಕೆಲಸಕ್ಕೆ ಸಂಬಂಧಿಸಿದ ವಂಶವಾಹಿಗಳಲ್ಲೂ ಏರುಪೇರಿತ್ತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಗೇಜ್ ತಂಡದ ತಟ್ಟೆಯಾಗಲಿ ನಿಮ್ಹಾನ್ಸ್ ತಟ್ಟೆಯಾಗಲಿ, ತಾನಾಗಿ ಏನನ್ನೂ ಹೇಳಲಿಲ್ಲ. ಈ ಕೋಶದ ಯಜಮಾನನಿಗೆ ಲಿಥಿಯಂ ಒಗ್ಗಿತ್ತೋ ಇಲ್ಲವೋ ಎಂದು ಯಾರೋ ವೈದ್ಯರು ಹತ್ತು ಹದಿನೈದು ವರ್ಷ ಫೈಲಿನಲ್ಲಿ ಬರೆದಿಟ್ಟಿದ್ದರಿಂದ ಆ ತಟ್ಟೆಗೆ ಅರ್ಥ ಬಂತು. ಯಾವ ವರ್ಷ ಉನ್ಮಾದ, ಯಾವ ವರ್ಷ ಖಿನ್ನತೆ, ಮಾತ್ರೆ ಬಿಟ್ಟ ಮೇಲೆ ಎಷ್ಟು ದಿನಕ್ಕೆ ಮರುಕಳಿಸಿತು, ತಂಗಿಯ ಮದುವೆಯಲ್ಲಿ ಹೇಗಿದ್ದ. ಕೋಟಿಗಟ್ಟಲೆಯ ಯಂತ್ರವನ್ನು ಯಾವ ದೇಶವೂ ಕೊಂಡು ತರಬಹುದು. ಒಂದೇ ಮನೆಯ ಮೂರು ತಲೆಮಾರನ್ನು ನೋಡಿರುವ ಓಪಿಡಿಯನ್ನು ಕೊಂಡು ತರಲಾಗುವುದಿಲ್ಲ. 1925ರಲ್ಲಿ ಮೈಸೂರು ಸಂಸ್ಥಾನದ ಹುಚ್ಚಾಸ್ಪತ್ರೆ ಮಾನಸಿಕ ಆಸ್ಪತ್ರೆಯೆಂದು ಹೆಸರು ಬದಲಿಸಿಕೊಂಡು, 1974ರಲ್ಲಿ ನಿಮ್ಹಾನ್ಸ್ ಆಗಿ ಬೆಳೆದ ಸಂಸ್ಥೆಗೆ ಇರುವ ದೊಡ್ಡ ಬಂಡವಾಳ ಅದು.

ಇನ್ನು ಮಿತಿಗಳ ವಿಚಾರ. ತಟ್ಟೆಯಲ್ಲಿರುವ ಕೋಶಕ್ಕೆ ದುಃಖವಿಲ್ಲ, ಅದಕ್ಕೆ ದನಿ ಕೇಳಿಸುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ವಯಸ್ಸಿನದು. 2013ರಲ್ಲಿ ವಿಯೆನ್ನಾದ ಮ್ಯಾಡೆಲಿನ್ ಲ್ಯಾಂಕಾಸ್ಟರ್ ಮತ್ತು ಯೂರ್ಗನ್ ನೋಬ್ಲಿಕ್ ಆಕರ ಕೋಶಗಳಿಂದ ಬಟಾಣಿ ಕಾಳಿನಷ್ಟು ಗಾತ್ರದ ಮಿದುಳಿನ ಉಂಡೆ ಬೆಳೆಸಿದಾಗ ಪತ್ರಿಕೆಗಳು ‘ಮಿನಿ ಮಿದುಳು’ ಎಂದು ಕುಣಿದವು. ಆರ್ಗನಾಯ್ಡ್ ಎಂಬ ಈ ಉಂಡೆಯಲ್ಲಿ ರಕ್ತನಾಳಗಳಿಲ್ಲ. ದೊಡ್ಡದಾದಂತೆ ಒಳಗಿನ ಕೋಶಗಳು ಆಮ್ಲಜನಕವಿಲ್ಲದೆ ಸಾಯುತ್ತವೆ. ತಿಂಗಳುಗಟ್ಟಲೆ ಬೆಳೆದ ಮೇಲೂ ಅದು ಬಹುಮಟ್ಟಿಗೆ ಗರ್ಭದಲ್ಲಿರುವ ಶಿಶುವಿನ ಮಿದುಳಿನ ಹಂತದಲ್ಲೇ ಇರುತ್ತದೆ. ಬೈಪೋಲಾರ್, ಸ್ಕಿಜೋಫ್ರೀನಿಯಾ ತಲೆ ಎತ್ತುವುದು ಹದಿಹರೆಯ ದಾಟುವ ಹೊತ್ತಿಗೆ. ತೆಂಗಿನ ಸಸಿಯನ್ನು ಪಾಲಿಥಿನ್ ಚೀಲದಲ್ಲಿರುವಾಗಲೇ ನೋಡಿ ಇಳುವರಿ ಹೇಳಿದಂತೆ ಇದು. ಅರಸೀಕೆರೆಯ ರೈತ ಸಸಿಯ ಕತ್ತು ದಪ್ಪಗಿದೆಯೇ, ಎಲೆ ಬೇಗ ಸೀಳಿದೆಯೇ ಎಂದು ನೋಡಿ ಆರಿಸುತ್ತಾನೆ, ಅದರಲ್ಲಿ ಅರ್ಥವೂ ಇದೆ; ಆದರೂ ಮಳೆ, ಮಣ್ಣು, ನುಸಿಪೀಡೆ ಎಲ್ಲ ಸೇರಿ ಎಂಟು ವರ್ಷದ ನಂತರ ಎಷ್ಟು ಕಾಯಿ ಎಂಬುದನ್ನು ಆ ಸಸಿ ಹೇಳುವುದಿಲ್ಲ.

ಈ ತೊಡಕು ದಾಟುವ ಪ್ರಯತ್ನಗಳು ನಡೆದಿವೆ. ಸ್ಟ್ಯಾನ್‌ಫರ್ಡ್‌ನ ಸೆರ್ಗಿಯು ಪಾಷ್ಕಾ 2022ರಲ್ಲಿ ಮನುಷ್ಯರ ಆರ್ಗನಾಯ್ಡನ್ನು ಇಲಿಮರಿಯ ಮಿದುಳಿನಲ್ಲಿ ನೆಟ್ಟರು. ಅಲ್ಲಿ ರಕ್ತ ಸಿಕ್ಕಿ ಕೋಶಗಳು ತಟ್ಟೆಯಲ್ಲಿ ಎಂದೂ ಆಗದಷ್ಟು ದೊಡ್ಡದಾದವು. ಟಿಮೊತಿ ಸಿಂಡ್ರೋಮ್ ಎಂಬ, ಒಂದೇ ವಂಶವಾಹಿಯ ದೋಷದಿಂದ ಬರುವ ಅಪರೂಪದ ಕಾಯಿಲೆಗೆ ಅವರ ತಂಡ ಇದೇ ದಾರಿಯಲ್ಲಿ ಮದ್ದಿನ ಹತ್ತಿರ ಬಂದಿದೆ. ಒಂದೇ ವಂಶವಾಹಿಯ ಕಾಯಿಲೆಗೆ ಈ ವಿಧಾನ ಬೇಗ ಫಲ ಕೊಡುತ್ತದೆ. ನೂರಾರು ವಂಶವಾಹಿಗಳ ಬೈಪೋಲಾರ್‌ಗೆ ಅಷ್ಟು ಬೇಗ ಕೊಡುತ್ತದೆ ಎಂದು ನಂಬಲು ನನಗೆ ಧೈರ್ಯವಿಲ್ಲ.

ಹಾರನಹಳ್ಳಿ ಎಂದರೆ ಟಿವಿ ನೋಡುವ ಕನ್ನಡಿಗರಿಗೆ ಮೊದಲು ನೆನಪಾಗುವುದು ಕೋಡಿಮಠ, ಅಲ್ಲಿಂದ ಬರುವ ಭವಿಷ್ಯವಾಣಿ. ಮಳೆ, ಸರ್ಕಾರ, ಯುದ್ಧ ಎಲ್ಲದರ ಬಗ್ಗೆ ಜನ ಕೇಳುತ್ತಾರೆ. ಕಾಯಿಲೆಯ ಮನೆಯವರು ವಿಜ್ಞಾನವನ್ನು ಕೇಳುವುದೂ ಅಂಥದ್ದೇ ಪ್ರಶ್ನೆ: ‘ದೊಡ್ಡೋನಿಗೆ ಬಂತು, ಚಿಕ್ಕೋನಿಗೂ ಬರುತ್ತಾ?’ ಕೋಶಗಳ ಕೆಲಸ ಮಾಡುವ ಯಾವ ಪ್ರಯೋಗಾಲಯವೂ ಇದಕ್ಕೆ ಉತ್ತರ ಕೊಡುವ ಸ್ಥಿತಿಯಲ್ಲಿಲ್ಲ. ರಕ್ತ ಕೊಟ್ಟವರಿಗೆ ‘ನಿಮ್ಮ ರಿಪೋರ್ಟ್’ ಎಂಬುದೂ ಬರುವುದಿಲ್ಲ. ರಕ್ತ ತೆಗೆದುಕೊಳ್ಳುವ ಮುಂಚೆ ಸಹಿ ಹಾಕಿಸುವ ಒಪ್ಪಿಗೆಪತ್ರವನ್ನು ಓದಿಸಿಕೊಂಡು, ತಿಳಿಯದ್ದನ್ನು ಕೇಳಿ, ಬೇಡವಾದರೆ ಬೇಡ ಎನ್ನುವ ಹಕ್ಕು ರೋಗಿಗೂ ಮನೆಯವರಿಗೂ ಇದೆ. ಬೇಡ ಎಂದ ಮಾತ್ರಕ್ಕೆ ಚಿಕಿತ್ಸೆಗೆ ಕುತ್ತು ಬರಬಾರದು.

ಆಕರ ಕೋಶ ಎಂಬ ಹೆಸರನ್ನೇ ಬಂಡವಾಳ ಮಾಡಿಕೊಂಡ ಅಂಗಡಿಗಳ ಬಗ್ಗೆಯೂ ಎಚ್ಚರಬೇಕು. ‘ಸ್ಟೆಮ್ ಸೆಲ್ ಇಂಜೆಕ್ಷನ್’ ಕೊಟ್ಟು ಆಟಿಸಂ ವಾಸಿ ಮಾಡುತ್ತೇವೆ, ಬುದ್ಧಿಮಾಂದ್ಯ ಸರಿಪಡಿಸುತ್ತೇವೆ ಎಂದು ಲಕ್ಷಗಟ್ಟಲೆ ಕೀಳುವವರಿದ್ದಾರೆ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತ ಸಂಬಂಧಿ ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟರೆ ಆಕರ ಕೋಶವನ್ನು ಅನುಮತಿ ಪಡೆದ ಪ್ರಯೋಗದ ಹೊರಗೆ ಚಿಕಿತ್ಸೆಯೆಂದು ಮಾರುವಂತಿಲ್ಲ. ನಿಮ್ಹಾನ್ಸ್‌ನವರು ಬೆಳೆಸುವ ನರಕೋಶ ಯಾರ ತಲೆಯೊಳಕ್ಕೂ ಹೋಗುವುದಿಲ್ಲ. ಅದು ನೋಡಲಿಕ್ಕೆ, ಅಳೆಯಲಿಕ್ಕೆ ಮಾತ್ರ.

ಇಷ್ಟು ದುಡ್ಡನ್ನು ತಟ್ಟೆಗೆ ಸುರಿಯುವ ಬದಲು ಹಳ್ಳಿಗೆ ಮಾತ್ರೆ ಕಳಿಸಬಾರದೇ ಎಂಬ ಆಕ್ಷೇಪಣೆ ಇದೆ, ಅದು ನ್ಯಾಯವಾದದ್ದೇ. ನಿಮ್ಹಾನ್ಸ್ ಮುಂದಾಳುತನದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಬೈಪೋಲಾರ್ ಇದ್ದವರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಅರಸೀಕೆರೆಯಿಂದ ತಿಪಟೂರು ದಾಟಿದರೆ ಸಿಗುವ ತುರುವೇಕೆರೆ ತಾಲ್ಲೂಕಿನಲ್ಲಿ, ಅತ್ತ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್ ವೈದ್ಯರೇ ಸ್ಕಿಜೋಫ್ರೀನಿಯಾ ರೋಗಿಗಳನ್ನು ಊರಲ್ಲೇ ಗುರುತಿಸಿ, ವರ್ಷಗಟ್ಟಲೆ ಹಿಂಬಾಲಿಸಿ, ಅಗ್ಗದ ಹಳೆಯ ಔಷಧಗಳಿಂದಲೇ ಎಷ್ಟೋ ಮಂದಿ ಮತ್ತೆ ಹೊಲಕ್ಕೆ, ಕೂಲಿಗೆ ಹೋಗುವಂತಾದದ್ದನ್ನು ದಾಖಲಿಸಿದ್ದಾರೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸುವ ರಾಜ್ಯದ ಮನೋಚೈತನ್ಯ ಕಾರ್ಯಕ್ರಮ, ಯಾವ ಹೊತ್ತಿಗೂ ಕನ್ನಡದಲ್ಲೇ ಮಾತಾಡಬಹುದಾದ 14416ರ ಟೆಲಿ ಮಾನಸ್ ಇವೆಲ್ಲ ಇಂದಿನ ಕೆಲಸ. ತಟ್ಟೆಯ ಕೋಶ ನಾಳೆಯ ಕೆಲಸ. ಆದರೆ ಎರಡನ್ನೂ ಒಂದಕ್ಕೊಂದು ಎದುರು ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಸರಿಯಾಗಿ ಬರೆದ ಚೀಟಿ ಇಲ್ಲದಿದ್ದರೆ ಬೆಂಗಳೂರಿನ ತಟ್ಟೆಗೂ ಬೆಲೆಯಿಲ್ಲ.

ಕಾಯಿಲೆ ಬಂದವರನ್ನು ಮನೆಯವರು ಹೇಗೋ ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ಹತ್ತಿಸಿ ಕರೆತರುತ್ತಾರೆ. ರಕ್ತ ಕೊಡಲೂ ಒಪ್ಪುತ್ತಾರೆ. ಏನಾದರೂ ಗೊತ್ತಾಗಲಿ ಎಂಬ ಆಸೆ. ಬರಲು ಹಿಂಜರಿಯುವುದು ಏನೂ ಆಗದ ತಮ್ಮ. ಅವನಿಗೆ ಹೆಣ್ಣು ನೋಡುತ್ತಿದ್ದಾರೆ. ಆ ಆಸ್ಪತ್ರೆಯ ಗೇಟಿನಲ್ಲಿ ಊರಿನವರು ಯಾರಾದರೂ ಕಂಡರೆ, ಫೈಲಿನ ಮೇಲೆ ತನ್ನ ಹೆಸರೂ ಬಂದರೆ? ಹೆಸರಿನ ಬದಲು ಸಂಖ್ಯೆ ಮಾತ್ರ ಇರುತ್ತದೆ ಎಂದು ವೈದ್ಯರು ವಿವರಿಸುತ್ತಾರೆ. ಅವನ ಕೋಶವಿಲ್ಲದೆ ಅಣ್ಣನ ಕೋಶವನ್ನು ಹೋಲಿಸಲು ಏನೂ ಉಳಿಯುವುದಿಲ್ಲ ಎಂದೂ ಹೇಳುತ್ತಾರೆ. ಕೆಲವರು ಒಪ್ಪುತ್ತಾರೆ. ಕೆಲವರು ಮದುವೆ ಆದ ಮೇಲೆ ಬರುತ್ತೇನೆ ಎಂದು ಹೇಳಿ ಹೋಗುತ್ತಾರೆ.